ಐ ಸೀ ಎಂದವನು

“ಅಂಥದ್ದೇನು ಕಾಣ್ತಿದೆ ನಿಮಗೆ?”

ಹೈತಾಂಗ್ ಕೇಳಿದ ದನಿಯಲ್ಲಿ ಸಿಟ್ಟಿತ್ತು. ಕಲ್ಲುಮೇಜಿನ ಆಚೆ ಕೂತಿದ್ದ ಯುವಕ ಕಣ್ಣು ಕೀಳದೆ ಅವಳ ಮುಖವನ್ನೇ ನೋಡುತ್ತಿದ್ದ.

“ನೀವು,” ಎಂದ.

ಸುತ್ತ ಕೂತವರು ಗೊಳ್ಳೆಂದು ನಕ್ಕರು. ಹೈತಾಂಗಳ ಕಿವಿಯ ತುದಿ ಕೆಂಪಾಯಿತು…

ತಪ್ಪು ಅವನದೂ ಅಲ್ಲ, ಇವಳದೂ ಅಲ್ಲ. ಆ ಮಧ್ಯಾಹ್ನ ಅವಳು ಇಂಗ್ಲಿಷಿನ ಭೂತಕಾಲ ವಿವರಿಸುತ್ತಿದ್ದಳು. ಒಂದೊಂದು ವಾಕ್ಯ ಮುಗಿದಾಗಲೂ ಈ ಹೊಸಬ ‘ಐ ಸೀ’, ‘ಐ ಸೀ’ ಎನ್ನುತ್ತಿದ್ದ. ಅರ್ಥವಾಯಿತು ಎಂದು ಅದರ ಅರ್ಥ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಟೀಚರಿಗೆ ಅಷ್ಟು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತು. ಆದರೆ ಅದನ್ನು ಹೇಳುವಾಗ ಅವನು ನೋಡುತ್ತಿದ್ದ ರೀತಿ ಇತ್ತಲ್ಲ, ಅದು ವ್ಯಾಕರಣಕ್ಕೆ ಸಂಬಂಧಪಟ್ಟದ್ದಾಗಿರಲಿಲ್ಲ.

ಅದಕ್ಕೇ ಕೆಣಕಿ ಕೇಳಿದ್ದು. ಅವನು ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದ.

‘ಎಷ್ಟು ಧೈರ್ಯ ಇವನಿಗೆ… ಅಥವಾ ಇಂಗ್ಲಿಷೇ ಬರಲ್ವೋ?’ ಎಂದುಕೊಂಡಳು ಹೈತಾಂಗ್. ಎರಡರಲ್ಲಿ ಯಾವುದು ಎಂಬ ಕುತೂಹಲ ಅವಳ ತಲೆ ಹೊಕ್ಕಿತು. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಜಿಗೊಂಗ್ ಊರಿನ ನದಿದಂಡೆಯ ಉದ್ಯಾನದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಮಾತಾಡಿ ರೂಢಿಸಿಕೊಳ್ಳುವವರ ಕೂಟ, ‘ಇಂಗ್ಲಿಷ್ ಮೂಲೆ’, ಸೇರುತ್ತದೆ. ದೊಡ್ಡ ಮರ, ಅದರಡಿ ಕಲ್ಲುಮೇಜು, ಮನೆಯಿಂದ ತಂದ ಚಹಾದ ಫ್ಲಾಸ್ಕುಗಳು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದ ಪೆಂಗ್ ತಾತ ಇದರ ಯಜಮಾನರು. ಇಲ್ಲಿಗೆ ಬರುವವರೆಲ್ಲ ತಮಗೊಂದು ಇಂಗ್ಲಿಷ್ ಹೆಸರಿಟ್ಟುಕೊಳ್ಳಬೇಕು. ತಾತ ತಮಗೆ ಟೈಗರ್ ಎಂದು ಇಟ್ಟುಕೊಂಡಿದ್ದರು.

ನಿಯಮ ಇದ್ದದ್ದು ಒಂದೇ. ಬಾಯಿ ತೆರೆದರೆ ಇಂಗ್ಲಿಷೇ. ಊರಿನ ಭಾಷೆಯ ಒಂದು ಪದ ಜಾರಿದರೂ ಜಾರಿಸಿದವರು ಎಲ್ಲರಿಗೂ ಸೂರ್ಯಕಾಂತಿ ಬೀಜ ತಂದು ಹಂಚಬೇಕು. ಹಾಗಾಗಿ ಅವರು ಅಲ್ಲಿ ಆಡಿದ್ದೆಲ್ಲ ಇಂಗ್ಲಿಷೇ. ನೀವು ಕನ್ನಡದಲ್ಲೇ ಕೇಳಿಸಿಕೊಳ್ಳಿ, ನಮಗೆ ಬೀಜದ ದಂಡವಿಲ್ಲ.

ಕಾಲುದಾರಿಯ ಆಚೆ ಬದಿಗೆ ಇನ್ನೊಂದು ಮೂಲೆ. ಅದು ಮದುವೆಯ ಮೂಲೆ. ಬಣ್ಣಬಣ್ಣದ ಕೊಡೆಗಳನ್ನು ಬಿಡಿಸಿ ನೆಲಕ್ಕಿಟ್ಟು, ಅದರ ಮೇಲೆ ಮಗನ ಅಥವಾ ಮಗಳ ವಯಸ್ಸು, ಎತ್ತರ, ಕೆಲಸ ಬರೆದ ಹಾಳೆ ಅಂಟಿಸಿ, ಪಕ್ಕದಲ್ಲೇ ಮಡಚುವ ಸ್ಟೂಲು ಹಾಕಿಕೊಂಡು ತಂದೆತಾಯಂದಿರು ಕೂರುತ್ತಾರೆ. ಅಲ್ಲಿನ ನೀಲಿ ಕೊಡೆ ಹೈತಾಂಗಳ ಅಮ್ಮನದು. ಈ ಕಡೆ ಮಗಳು ಭೂತಕಾಲ ಕಲಿಸುತ್ತಿದ್ದರೆ, ಆ ಕಡೆ ಅಮ್ಮ ಅದೇ ಮಗಳ ಭವಿಷ್ಯಕಾಲವನ್ನು ಹೊಂದಿಸುವುದರಲ್ಲಿ ಮುಳುಗಿರುತ್ತಿದ್ದಳು.

ಹೊಸಬ ತನಗೆ ಲ್ಯಾಂಪ್ ಎಂದು ಹೆಸರಿಟ್ಟುಕೊಂಡಿದ್ದ. ನಿಜವಾದ ಹೆಸರು ಲುವೋ ಜಿಯಾಮು. ಲಾಟೀನು ಹಬ್ಬಕ್ಕೆ ಆಳೆತ್ತರದ ನವಿಲು, ಮೀನು, ಡ್ರ್ಯಾಗನ್‌ಗಳನ್ನು ಮಾಡುವ ಕಾರ್ಖಾನೆಯಲ್ಲಿ ತಂತಿ ಬಾಗಿಸಿ ಬೆಸೆದು ಚೌಕಟ್ಟು ಕಟ್ಟುವುದು ಅವನ ಕೆಲಸ. ಕಾರ್ಖಾನೆಯವರು ಅವನನ್ನು ಒಂದೆರಡು ಚಳಿಗಾಲ ಹೊರದೇಶಕ್ಕೂ ಕಳಿಸಿದ್ದರು. ಅಲ್ಲಿನ ಪಾರ್ಕುಗಳಲ್ಲಿ ಲಾಟೀನು ನಿಲ್ಲಿಸುತ್ತ ನಿಲ್ಲಿಸುತ್ತ ಇಂಗ್ಲಿಷ್ ಕಲಿತು ಬಂದಿದ್ದ.

ಅಂದರೆ ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು.

‘ಹಾಗಾದರೆ ಆ ದಿನ ಹೇಳಿದ್ದು…?’ ಹೈತಾಂಗಳಿಗೆ ಮತ್ತೆ ಕಿವಿ ಬಿಸಿಯಾಯಿತು.

ಮುಂದಿನ ಭಾನುವಾರ ಅವನು ಅವಳ ಪಕ್ಕದಲ್ಲೇ ಕೂತ.

“ಒಂದು ಡೌಟು. ಲುಕ್ ಅಂದ್ರೂ ನೋಡೋದು, ಸೀ ಅಂದ್ರೂ ನೋಡೋದು. ಎರಡು ಪದ ಯಾಕೆ ಬೇಕು ಇವರಿಗೆ?”

“ಲುಕ್ ಅಂದ್ರೆ ನಾವಾಗಿ ನೋಡೋದು. ಸೀ ಅಂದ್ರೆ ತಾನಾಗಿ ಕಾಣೋದು.”

ಅವನು ತಲೆದೂಗಿದ.

“ಹಾಗಾದ್ರೆ ಮೊದಲನೇ ದಿನ ನನ್ನದು ತಪ್ಪಿಲ್ಲ. ನಾನು ನಿಮ್ಮನ್ನ ನೋಡ್ಲಿಲ್ಲ. ನೀವು ಕಂಡ್ರಿ.”

ಬೇರೆಯವರ ವಾಕ್ಯಗಳನ್ನು ಅವರಿಗಿಂತ ಮೊದಲೇ ಮುಗಿಸುವುದು ಹೈತಾಂಗಳ ಹುಟ್ಟುಗುಣ. ಶಾಲೆಯಲ್ಲಿ ಮಕ್ಕಳು ಅರ್ಧ ಹೇಳಿದರೆ ಇನ್ನರ್ಧ ಇವಳೇ ಹೇಳಿಬಿಡುತ್ತಿದ್ದಳು. ಇವನ ವಾಕ್ಯ ಮಾತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಒಮ್ಮೆಯೂ ಊಹಿಸಲಾಗುತ್ತಿರಲಿಲ್ಲ. ಅದೇ ಅವಳನ್ನು ಕಟ್ಟಿಹಾಕಿತು.

ಹೀಗೆ ಭಾನುವಾರಗಳು ಕಳೆದವು. ಸೋಮವಾರದಿಂದಲೇ ಭಾನುವಾರದ ದಾರಿ ನೋಡುವುದು ಅವಳಿಗೆ ಅಭ್ಯಾಸವಾಯಿತು. ಅಮ್ಮನಿಗೂ ಇದರ ವಾಸನೆ ಬಡಿಯದೆ ಇರಲಿಲ್ಲ.

“ಏನೇ, ಇಂಗ್ಲಿಷ್ ಹೇಳ್ಕೊಡೋಕೆ ತುಟಿಗೆ ಬಣ್ಣ ಯಾಕೆ?”

“ಉಚ್ಚಾರಣೆ ಚೆನ್ನಾಗ್ ಬರುತ್ತಮ್ಮ.”

“ಬರುತ್ತೆ, ಬರುತ್ತೆ,” ಎಂದಳು ಅಮ್ಮ. “ಉಚ್ಚಾರಣೆ ಒಂದು ಬಂದ್ರೆ ಸಾಕಾ? ಆ ನೀರಿನ ಕಚೇರಿ ಹುಡುಗನ ಅಮ್ಮ ಮೂರ್ ವಾರದಿಂದ ನನ್ನ ಕೊಡೆ ಹತ್ರಾನೇ ಸ್ಟೂಲ್ ಹಾಕ್ತಿದ್ದಾರೆ. ಒಂದ್ಸಲ ನೋಡೇ. ನೋಡಿದ್ರೆ ಕಣ್ಣು ಸವೆಯುತ್ತಾ?”

ಹೈತಾಂಗ್ ಕೇಳಿಸದವಳಂತೆ ಚಪ್ಪಲಿ ಮೆಟ್ಟಿದಳು.

ಒಂದು ಬುಧವಾರ ಸಂಜೆ ಅವಳು ನೂಡಲ್ಸ್ ಅಂಗಡಿಗೆ ಹೋದಾಗ ಜಿಯಾಮು ಅಲ್ಲಿದ್ದ. ಗೋಡೆಯ ಮೇಲಿನ ಪಟ್ಟಿಯತ್ತ ಬೆರಳು ಮಾಡಿ ಅಂಗಡಿಯವಳಿಗೆ ಏನೋ ತೋರಿಸುತ್ತಿದ್ದ. ಹೈತಾಂಗಳ ಎದೆ ಒಮ್ಮೆಲೇ ಹಗುರಾಯಿತು. ಇದು ಉದ್ಯಾನವಲ್ಲ, ಇಲ್ಲಿ ನಿಯಮವಿಲ್ಲ. ಮೊದಲ ಸಲ ತಮ್ಮದೇ ಭಾಷೆಯಲ್ಲಿ ಮಾತಾಡಬಹುದು.

“ಏನ್ರೀ ಲುವೋ ಅವ್ರೇ, ಇಲ್ಲೇನು? ಖಾರ ಜಾಸ್ತಿ ಹಾಕಿಸ್ಕೊಳ್ತೀರೋ ಕಮ್ಮಿನೋ?” ಎಂದಳು ಅಪ್ಪಟ ಊರ ಮಾತಿನಲ್ಲಿ.

ಅವನು ತಿರುಗಿದ. ಮುಖ ಅರಳಿತು. ಬಾಯಿ ತೆರೆದ… ಮತ್ತೆ ಮುಚ್ಚಿದ. ಕುತ್ತಿಗೆಯ ನರ ಒಮ್ಮೆ ಬಿಗಿಯಿತು. ಆಮೇಲೆ ತಲೆಯಾಡಿಸಿ, ಅಂಗಡಿಯವಳು ಮುಂದಿಟ್ಟ ನೂಡಲ್ಸ್ ಪೊಟ್ಟಣ ಎತ್ತಿಕೊಂಡು, ಒಂದು ಮಾತೂ ಆಡದೆ ಹೊರಟುಹೋದ.

ಹೈತಾಂಗ್ ಅಲ್ಲೇ ನಿಂತಳು. ಅಂಗಡಿಯವಳು ಅವಳನ್ನೇ ನೋಡುತ್ತಿದ್ದಳು.

‘ಇಂಗ್ಲಿಷಿನಲ್ಲಾದರೆ ಸ್ನೇಹಿತೆ, ನಮ್ಮ ಭಾಷೆಯಲ್ಲಾದರೆ ಯಾರೋ… ಹಾಗೇನಾ? ನಾನೇನು ಇವನಿಗೆ ಅಭ್ಯಾಸ ಪುಸ್ತಕಾನಾ?’

ಭಾನುವಾರ ಅವನೇ ಮಾತು ತೆಗೆದ.

“ಬುಧವಾರದ್ದಕ್ಕೆ ಕ್ಷಮಿಸಿ.”

“ಯಾಕೆ ಮಾತಾಡ್ಲಿಲ್ಲ?”

ಅವನು ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತ.

“ಅವತ್ತು ಭಾನುವಾರ ಆಗಿರ್ಲಿಲ್ಲ.”

ಅದೆಂಥ ಉತ್ತರ? ಸಿಟ್ಟು ಮಾಡಿಕೊಳ್ಳಬೇಕೆಂದುಕೊಂಡಳು. ಆದರೆ ಅವನ ಮುಖದಲ್ಲಿ ಸೊಕ್ಕಿನ ಸುಳಿವೇ ಇರಲಿಲ್ಲ. ನೋವಿನಂಥದ್ದೇನೋ ಇತ್ತು. ಅರ್ಥವಾಗದ ಪದ ಸಿಕ್ಕಿದರೆ ಅದನ್ನು ಬಿಡಿಸುವ ತನಕ ಹೈತಾಂಗಳಿಗೆ ಊಟ ಸೇರುತ್ತಿರಲಿಲ್ಲ, ಇವನೂ ಅಂಥದ್ದೇ ಒಂದು ಪದವಾಗಿಬಿಟ್ಟ.

ಪ್ರತಿ ವಾರ ಒಂದು ಪದ ತಂದು ಅದರ ಅರ್ಥಗಳನ್ನೆಲ್ಲ ಬಿಡಿಸಿಡುವುದು ಮೂಲೆಯಲ್ಲಿ ಅವಳ ಪಾಲಿನ ಕೆಲಸ. ಆ ವಾರ ಅವಳು ತಂದದ್ದು ‘ಸೀ’. ಯಾಕೆ ಅದನ್ನೇ ತಂದಳು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದಳು.

“ಕಣ್ಣಿಗೆ ಕಾಣೋದು ಸೀ. ತಲೆಗೆ ಹೊಳೆಯೋದೂ ಸೀ. ಅತ್ತೆ ಮನೆಗೆ ಹೋಗಿ ಬರೋದೂ ಸೀ, ಡಾಕ್ಟರ ಹತ್ರ ಹೋಗೋದೂ ಸೀ.”

“ಅದ್ರಲ್ಲೇನಿದೆ? ನಾವೂ ಡಾಕ್ಟರನ್ನ ನೋಡ್ತೀವಿ, ಪುಸ್ತಕಾನೂ ನೋಡ್ತೀವಿ,” ಎಂದರು ಟೈಗರ್ ತಾತ.

ಅವರ ಭಾಷೆಯಲ್ಲಿ ನೋಡುವುದಕ್ಕೆ ‘ಖಾನ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಹೆಚ್ಚುಕಮ್ಮಿ ‘ಕಾಣ್’ ಎಂದೇ ಕೇಳಿಸುತ್ತದೆ, ಕೆಲಸವೂ ಹೆಚ್ಚುಕಮ್ಮಿ ಅಷ್ಟೇ ಮಾಡುತ್ತದೆ.

“ನೋಡೋಣ, ಅಂದ್ರೆ ಈಗ ಬೇಡ, ಆಮೇಲೆ ಹೇಳ್ತೀನಿ ಅನ್ನೋದಕ್ಕೂ ಸೀ,” ಎಂದಳು ಹೈತಾಂಗ್.

“ನಮ್ಮ ಸಾಹೇಬರು ರಜೆ ಕೇಳಿದಾಗ್ಲೆಲ್ಲ ಅದನ್ನೇ ಅಂತಿದ್ರು,” ಎಂದರು ತಾತ.

“ಸ್ಟೇಷನ್ನಿಗೆ ಹೋಗಿ ಯಾರನ್ನಾದ್ರೂ ಕಳಿಸಿ ಬರೋದಕ್ಕೂ ಅದೇ. ಸೀ ಆಫ್.”

ತಾತ ಬೀಜ ಕಡಿಯುವುದನ್ನು ನಿಲ್ಲಿಸಿದರು. “ಇದು ಅನ್ಯಾಯ. ಆ ಅಳುವವರನ್ನ ನಾನು ನಲವತ್ತು ವರ್ಷ ರೈಲಿನಿಂದ ನೋಡಿದೀನಿ. ರೈಲು ತಿರುವು ದಾಟಿ ಕಾಣದೇ ಹೋದ್ಮೇಲೂ ಕೈ ಬೀಸ್ತಿರ್ತಾರೆ. ಕಾಣದೇ ಇರೋದಕ್ಕೂ ಕಾಣೋದು ಅಂತಾನೇ ಹೆಸರಾ?”

ಜಿಯಾಮು ಮೆಲ್ಲಗೆ “ಐ ಸೀ” ಎಂದ. ಎದ್ದು ನಿಂತ. ಗಡಿಯಾರ ನೋಡಿಕೊಂಡು, ಹೋಗಲೇಬೇಕು ಕ್ಷಮಿಸಿ ಎಂದು ಹೇಳಿ ಬೇಗ ಬೇಗ ಹೊರಟುಬಿಟ್ಟ.

ಅವನಿಗಾಗಿಯೇ ಎತ್ತಿಟ್ಟಿದ್ದ ಕೊನೆಯ ಅರ್ಥ ಹೈತಾಂಗಳ ಬಾಯಲ್ಲೇ ಉಳಿಯಿತು. ಉಳಿದವರಿಗೆ ಅದನ್ನು ಸಪ್ಪೆಯಾಗಿ ಹೇಳಿ ಮುಗಿಸಿದಳು.

“ಐ ಆಮ್ ಸೀಯಿಂಗ್ ಅಂತ ಹೇಳಿ, ಮುಂದೆ ಯಾರಾದ್ರೊಬ್ಬರ ಹೆಸರು ಹೇಳಿದ್ರೆ… ಅವರ ಜೊತೆ ಓಡಾಡ್ತಿದ್ದೀನಿ, ಅವರನ್ನ ಪ್ರೀತಿಸ್ತಿದ್ದೀನಿ ಅಂತ.”

ಮುಂದಿನ ಭಾನುವಾರ ಜಿಯಾಮು ತಡವಾಗಿ ಬಂದ. ಮುಖ ಬೆವೆತಿತ್ತು, ಕಣ್ಣಲ್ಲಿ ಎಂದೂ ಇಲ್ಲದ ಹೊಳಪಿತ್ತು.

“ಇನ್ಮೇಲೆ ನಾನು ಬರೋದು ಲೇಟಾಗುತ್ತೆ,” ಎಂದವನು ಕುರ್ಚಿ ಎಳೆದುಕೊಂಡು ಹೇಳಿದ. “ಐ ಆಮ್ ಸೀಯಿಂಗ್ ಎ ಡಾಕ್ಟರ್.”

ಹೈತಾಂಗಳ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಮೇಜಿನ ಮೇಲೆ ಬಿತ್ತು.

“ನಿಮಗೆ ಹುಷಾರಿಲ್ವಾ?”

“ಇಲ್ಲ ಇಲ್ಲ. ನಾನು ಗಟ್ಟಿಮುಟ್ಟಾಗಿದ್ದೀನಿ. ಯಾವ ಕಾಯಿಲೆನೂ ಇಲ್ಲ.” ಅವನು ಅವಸರದಲ್ಲಿ ತಲೆಯಲ್ಲಾಡಿಸಿದ.

ಕಾಯಿಲೆ ಇಲ್ಲ. ಹಾಗಾದರೆ ಉಳಿದದ್ದು ಒಂದೇ ಅರ್ಥ. ಅವಳೇ ಕಲಿಸಿದ ಅರ್ಥ!

“ಡಾಕ್ಟರು ಗಂಡಸಾ, ಹೆಂಗಸಾ?” ಟೈಗರ್ ತಾತ ಕಣ್ಣು ಕಿರಿದು ಮಾಡಿ ಕೇಳಿದರು.

“ಹೆಂಗಸು. ಎಂಥ ತಾಳ್ಮೆ ಅಂತೀರಾ. ನಾನು ಒಂದೇ ಮಾತು ಎಷ್ಟು ಸಲ ಹೇಳಿದ್ರೂ ಮೊದಲನೇ ಸಲ ಅನ್ನೋ ಹಾಗೆ ಕೇಳ್ತಾರೆ.” ಅವನು ನಕ್ಕ. “ಅವರ ಎದುರಿಗೆ ಕೂತ್ರೆ ನನಗೆ ಮಾತು ಬರುತ್ತೆ.”

ಹೈತಾಂಗ್ ಮುಚ್ಚಳ ಎತ್ತಿ ಫ್ಲಾಸ್ಕಿಗೆ ಹಾಕಿದಳು. ಸರಿಯಾಗಿ ಕೂರಲಿಲ್ಲ, ಮತ್ತೆ ಹಾಕಿದಳು.

‘ಅವಳ ಎದುರಿಗೆ ಮಾತು ಬರುತ್ತೆ. ನನ್ನ ಎದುರಿಗೆ ನೂಡಲ್ಸ್ ಪೊಟ್ಟಣ ಹಿಡ್ಕೊಂಡು ಓಡಿಹೋಗಕ್ಕೆ ಬರುತ್ತೆ…’

ಬೇರೆಯವರಾಗಿದ್ದರೆ ಇಷ್ಟಕ್ಕೆ ಇಷ್ಟು ಅರ್ಥ ಕಟ್ಟುತ್ತಿರಲಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವರು, ಪಾಪ, ಆಸ್ಪತ್ರೆಗೆ ಹೋಗುತ್ತಾನೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಒಂದು ಪದದ ಎಲ್ಲ ಅರ್ಥಗಳನ್ನೂ ಬಲ್ಲವಳಿಗೆ ಬೇಕಾದ ಅರ್ಥವೊಂದೇ ಕಾಣಲಿಲ್ಲ. ಟೀಚರಮ್ಮನ ಹಣೆಬರಹ!

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅಮ್ಮನ ಕೊಡೆಯನ್ನು ತಾನೇ ಮಡಚಿ ಕಂಕುಳಲ್ಲಿಟ್ಟುಕೊಂಡು ಹೇಳಿದಳು.

“ಆ ನೀರಿನ ಕಚೇರಿಯವನು… ನೋಡ್ತೀನಿ ಅನ್ನು ಅವರಿಗೆ.”

ಅಮ್ಮ ದಾರಿಯಲ್ಲೇ ನಿಂತುಬಿಟ್ಟಳು. ಮಗಳ ಮುಖವನ್ನು ಒಮ್ಮೆ ನೋಡಿದಳು. ಸಂತೋಷಪಡಬೇಕೋ ಬೇಡವೋ ಎಂದು ಅವಳಿಗೂ ತಿಳಿಯಲಿಲ್ಲ.

ಶನಿವಾರ ನದಿಯ ಪಕ್ಕದ ಚಹಾದಂಗಡಿಯಲ್ಲಿ ಭೇಟಿ. ನೀರಿನ ಕಚೇರಿಯ ಹುಡುಗನ ಹೆಸರು ಫೂ ಲಿಯಾಂಗ್. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಅವಳ ಲೋಟ ಖಾಲಿಯಾಗುವ ಮೊದಲೇ ಬಿಸಿನೀರು ಹಾಕಿಸುತ್ತಿದ್ದ. ಒಂದೇ ಒಂದು ತಪ್ಪು ಹುಡುಕೋಣವೆಂದು ಹೈತಾಂಗ್ ಎಷ್ಟು ನೋಡಿದರೂ ಸಿಗಲಿಲ್ಲ. ಅವನು ಏನು ಹೇಳಲಿದ್ದಾನೆಂದು ಅವಳಿಗೆ ಪ್ರತಿ ಸಲವೂ ಮೊದಲೇ ಗೊತ್ತಾಗುತ್ತಿತ್ತು, ಅಷ್ಟೇ.

“ಮದುವೆ ಆದ್ಮೇಲೆ ಅಮ್ಮ ನಮ್ಮ…”

“…ಜೊತೆಗೇ ಇರ್ತಾರೆ.”

“ಹೌದು. ನಾನು ದಿನಾ ಸಂಜೆ ಆರಕ್ಕೆಲ್ಲ…”

“…ಮನೆಗೆ ಬರ್ತೀರಿ.”

“ಹೌದು ಹೌದು. ನಿಮಗೆ ನನ್ನ ಮಾತೆಲ್ಲ ಎಷ್ಟು ಬೇಗ ಅರ್ಥ ಆಗುತ್ತೆ,” ಎಂದು ಅವನು ಸಂತೋಷಪಟ್ಟ.

“ಐ ಸೀ,” ಎಂದಳು ಹೈತಾಂಗ್, ತನಗೇ ಗೊತ್ತಿಲ್ಲದೆ.

ಆ ಎರಡು ಪದ ಬಾಯಿಂದ ಬಿದ್ದದ್ದೇ ಕಣ್ಣು ತುಂಬಿ ಬಂತು. ಚಹಾದ ಹಬೆ ಎಂದು ಹೇಳಿ ಒರೆಸಿಕೊಂಡಳು. ಒಳ್ಳೆಯವನು ಫೂ, ನಂಬಿದ.

ಮರುದಿನ ಮೂಲೆಯಲ್ಲಿ ಜಿಯಾಮು ಎಂದಿನಂತೆ ಪಕ್ಕಕ್ಕೆ ಬಂದು ಕೂತ. ಏನೋ ಹೇಳಲು ಬಾಯಿ ತೆರೆದ. ಹೈತಾಂಗ್ ಅದಕ್ಕೆ ಅವಕಾಶ ಕೊಡಲಿಲ್ಲ.

“ಐ ಆಮ್ ಸೀಯಿಂಗ್ ಸಮ್‌ಒನ್,” ಎಂದಳು, ಗಲ್ಲ ಎತ್ತಿ. ‘ನೋಡು, ಈಗ ನಿನಗೂ ಉರಿಯಲಿ…’

ಜಿಯಾಮುವಿನ ಮುಖದಲ್ಲಿ ಗಾಬರಿ ಮೂಡಿತು.

“ಅಯ್ಯೋ. ಏನಾಯ್ತು ನಿಮಗೆ? ಒಳ್ಳೆ ಡಾಕ್ಟರೇ ತಾನೇ?”

ಎಲ್ಲರೂ ನಕ್ಕರು. ತನ್ನನ್ನು ಆಡಿಕೊಳ್ಳುತ್ತಿದ್ದಾನೆ ಎಂದೇ ಹೈತಾಂಗ್ ತಿಳಿದಳು. ಫ್ಲಾಸ್ಕು ಎತ್ತಿಕೊಂಡು ಎದ್ದಳು. ಅವನು ಹಿಂದಿನಿಂದ ಕರೆದದ್ದು ಕೇಳಿಸಿತು, ತಿರುಗಲಿಲ್ಲ. ನೀಲಿ ಕೊಡೆಯ ಹತ್ತಿರ ಹೋಗಿ ಅಮ್ಮನಿಗೆ ಹೇಳಿದಳು.

“ಮುಂದಿನ ಭಾನುವಾರ ಅವರ ಅಮ್ಮನ್ನ ಬರ್ಹೇಳು. ಒಪ್ಪಿಗೆ ಹೇಳ್ತೀನಿ.”

“ನಿಧಾನವಾಗಿ ಯೋಚ್ನೆ ಮಾಡೇ.”

“ಮಾಡಾಯ್ತು.”

ಆ ವಾರ ಮಳೆ ಹಿಡಿದುಕೊಂಡಿತ್ತು, ಭಾನುವಾರ ಬಿಟ್ಟಿತು. ಹೈತಾಂಗ್ ಅಮ್ಮನ ಜೊತೆ ಉದ್ಯಾನಕ್ಕೆ ಬಂದಾಗ ಫೂ ಅವರ ತಾಯಿ ಹಣ್ಣಿನ ಬುಟ್ಟಿ ಹಿಡಿದು ಆಗಲೇ ನೀಲಿ ಕೊಡೆ ಇಡುವ ಜಾಗದಲ್ಲಿ ಕೂತಿದ್ದರು. ಮಗಳ ಒಂದು ‘ಹೂಂ’ ಸಾಕು, ಮಾತು ಮುಗಿಯುತ್ತಿತ್ತು.

“ಮೂಲೆಯವರಿಗೆ ಒಂದ್ಮಾತು ಹೇಳಿ ಬರ್ತೀನಮ್ಮ. ಇನ್ಮೇಲೆ ಬರಲ್ಲ ಅಂತ.”

ಕಾಲುದಾರಿ ದಾಟಿ ಮರದಡಿಗೆ ಬಂದಳು. ಟೈಗರ್ ತಾತ ಅವಳನ್ನು ಕಂಡು ಎದ್ದು ನಿಂತರು.

“ಬಾಮ್ಮ, ಕೂತ್ಕೋ. ನಿನ್ನ ಕೊನೇ ಅರ್ಥ ಇದೆಯಲ್ಲ, ಅವನಿಗೆ ಗೊತ್ತೇ ಇರ್ಲಿಲ್ಲ. ಅವತ್ತು ಮೊದ್ಲೇ ಎದ್ದು ಹೋಗಿದ್ದ ನೋಡು. ಹೋದ ವಾರ ನೀನು ಹೋದ್ಮೇಲೆ ನಾನೇ ಹೇಳಿಕೊಟ್ಟೆ.”

ಹೈತಾಂಗ್ ನಿಂತಲ್ಲೇ ನಿಂತಳು.

“ಗೊತ್ತಿರ್ಲಿಲ್ವಾ…?”

“ಹೇಳಿದ ತಕ್ಷಣ ಅವನ ಮುಖ ನೋಡ್ಬೇಕಿತ್ತು. ತಾನು ಏನು ಹೇಳಿದ್ದು, ನಿನಗೆ ಏನು ಕೇಳಿಸಿದ್ದು… ಎರಡೂ ಒಟ್ಟಿಗೆ ಹೊಳೀತು ಅವನಿಗೆ.”

ಅಷ್ಟರಲ್ಲಿ ಜಿಯಾಮು ಬಂದ. ಹೆಗಲ ಮೇಲೊಂದು ಚೀಲವಿತ್ತು. ಅದನ್ನು ಕಲ್ಲುಮೇಜಿನ ಮೇಲೆ ಇಳಿಸಿ ಬಾಯಿ ಬಿಚ್ಚಿದ. ತುಂಬ ಸೂರ್ಯಕಾಂತಿ ಬೀಜ.

“ಯಾರಪ್ಪ ನಿಯಮ ಮುರಿದೋರು?” ತಾತ ಕೇಳಿದರು.

“ಇನ್ನೂ ಯಾರೂ ಮುರಿದಿಲ್ಲ,” ಎಂದ ಜಿಯಾಮು ಇಂಗ್ಲಿಷಿನಲ್ಲಿ. “ನಾನು ಮುರಿಯೋದಿದೆ. ತುಂಬಾ ಹೊತ್ತು ಮುರೀಬೇಕಾಗುತ್ತೆ. ದಂಡ ಮೊದ್ಲೇ ತಂದಿದ್ದೀನಿ.”

ಅವನು ಹೈತಾಂಗಳ ಎದುರಿಗೆ ಕೂತ. ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಎಳೆದುಕೊಂಡ. ಒಂದು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟುತ್ತ, ಆ ತಾಳಕ್ಕೆ ಹೊಂದಿಸಿ, ಮೊದಲ ಬಾರಿಗೆ ತನ್ನ ಊರ ಭಾಷೆಯಲ್ಲಿ ಬಾಯಿ ತೆರೆದ.

“ನ… ನ… ನಂಗೆ ಕಾಯಿಲೆ ಇಲ್ಲ. ಮಾ… ಮಾತು ಸಿಕ್ಕಾಕ್ಕೊಳ್ಳುತ್ತೆ.”

ಎಷ್ಟು ಚೆಂದವಾಗಿ, ಎಷ್ಟು ಸಲೀಸಾಗಿ ಇಂಗ್ಲಿಷ್ ಆಡುತ್ತಿದ್ದ ಅದೇ ಬಾಯಿ! ಪ್ರತಿ ಅಕ್ಷರಕ್ಕೂ ಅವನ ಕುತ್ತಿಗೆಯ ನರ ಬಿಗಿಯುತ್ತಿತ್ತು. ನೂಡಲ್ಸ್ ಅಂಗಡಿಯಲ್ಲಿ ಬಿಗಿದದ್ದೂ ಅದೇ ನರ. ಹೈತಾಂಗಳಿಗೆ ಒಂದೊಂದಾಗಿ ಎಲ್ಲ ಹೊಳೆಯತೊಡಗಿತು.

“ಚಿ… ಚಿಕ್ಕೋನಾಗಿದ್ದಾಗ ಶಾಲೇಲಿ ಅಣಕಿಸೋರು. ಇಂಗ್ಲಿಷಲ್ಲಿ ನನ್ನ ಯಾ… ಯಾರೂ ಅಣಕಿಸಿಲ್ಲ. ಅದಕ್ಕೇ ಅದ್ರಲ್ಲಿ ಬ… ಬರುತ್ತೆ. ನಮ್ಮ ಮಾತಲ್ಲಿ ಬಾಯಿ ತೆ… ತೆರೆದ್ರೆ, ಎದುರಿಗಿರೋರು ನನ್ನ ವಾಕ್ಯ ತಾ… ತಾ…”

“ತಾವೇ ಮುಗಿಸ್ತಾರೆ,” ಎಂದ ಹಿಂದಿನ ಬೆಂಚಿನವನೊಬ್ಬ, ಸಹಾಯಕ್ಕೆಂದು.

ಹೈತಾಂಗ್ ಅವನತ್ತ ತಿರುಗಿ ನೋಡಿದ ನೋಟಕ್ಕೆ ಅವನು ಬಾಯಿಗೆ ಬೀಜ ತುಂಬಿಕೊಂಡು ಸುಮ್ಮನಾದ.

“…ತಾವೇ ಮುಗಿಸ್ತಾರೆ,” ಎಂದು ಜಿಯಾಮು ತನ್ನ ವಾಕ್ಯವನ್ನು ತಾನೇ ಮುಗಿಸಿದ. “ಡಾ… ಡಾಕ್ಟರ ಹತ್ರ ಹೋಗ್ತಿರೋದು ಇದಕ್ಕೆ. ಅವ್ರಿಗೆ ಮೊ… ಮೊಮ್ಮಕ್ಕಳಿದ್ದಾರೆ.”

ನಗು ಹರಡಿತು. ಹೈತಾಂಗಳೂ ನಕ್ಕಳು, ಕಣ್ಣು ಒದ್ದೆಯಾಗಿಯೇ ಇತ್ತು.

“ಹೈತಾಂಗ್!” ಆಚೆಯಿಂದ ಅಮ್ಮ ಕೂಗಿದಳು. “ಬಾರೇ, ಅವ್ರು ಕಾಯ್ತಿದ್ದಾರೆ.”

“ಕಾಯ್ಲಿ ಬಿಡಮ್ಮ,” ಎಂದಳು ಹೈತಾಂಗ್ ಊರ ಮಾತಿನಲ್ಲೇ. ಮೂಲೆಗೆ ಬಂದಾಗಿನಿಂದ ಅವಳು ನಿಯಮ ಮುರಿದದ್ದು ಅದೇ ಮೊದಲು. ತಾತ ಕೇಳಿಸದವರಂತೆ ಬೀಜ ಕಡಿದರು.

ಜಿಯಾಮು ಮತ್ತೆ ಉಸಿರೆಳೆದುಕೊಂಡ. ಈಗ ಅವನು ಅವಳನ್ನೇ ನೋಡುತ್ತಿದ್ದ, ಮೊದಲ ದಿನ ನೋಡಿದಂತೆ.

“ನಿಮಗೊಂದು ಮಾ… ಮಾತು ಹೇಳ್ಬೇಕಿತ್ತು. ಇಂಗ್ಲಿಷಲ್ಲಾದ್ರೆ ಸು… ಸುಲಭ. ಅದನ್ನ ಸುಲಭವಾಗಿ ಹೇಳ್ಬಾರ್ದು ಅನ್ನಿಸ್ತು. ಅದಕ್ಕೇ ಡಾ… ಡಾಕ್ಟರ ಎದುರಿಗೆ ಕೂತು ಅದೊಂದೇ ವಾಕ್ಯ ಕ… ಕಲೀತಿದ್ದೆ. ನಾ… ನಾನು ನಿಮ್ಮನ್ನ…”

ಅಲ್ಲಿಗೆ ನಿಂತಿತು.

ಬೆರಳು ಮೇಜಿನ ಮೇಲೆ ತಟ್ಟುತ್ತಲೇ ಇತ್ತು, ಮಾತು ಮುಂದೆ ಬರುತ್ತಿರಲಿಲ್ಲ. ಮುಂದಿನ ಪದ ಯಾವುದೆಂದು ಮರದಡಿಯ ಎಲ್ಲರಿಗೂ ಗೊತ್ತಿತ್ತು. ಹೈತಾಂಗಳ ನಾಲಿಗೆಯ ತುದಿಯಲ್ಲೇ ಇತ್ತು ಅದು. ಜೀವಮಾನವಿಡೀ ಬೇರೆಯವರ ವಾಕ್ಯ ಮುಗಿಸಿಕೊಟ್ಟವಳಿಗೆ ಇದೊಂದನ್ನು ಮುಗಿಸುವುದು ಎಷ್ಟು ಹೊತ್ತಿನ ಕೆಲಸ?

ಮುಗಿಸಲಿಲ್ಲ. ತುಟಿ ಕಚ್ಚಿಕೊಂಡಳು.

‘ನಾನಿಲ್ಲೇ ಇದ್ದೀನಿ. ಎಷ್ಟು ಹೊತ್ತಾದರೂ ಆಗಲಿ…’

ಅಮ್ಮ ಕೊಡೆ ಹಿಡಿದುಕೊಂಡೇ ದಾರಿ ದಾಟಿ ಬಂದು ಮಗಳ ಹಿಂದೆ ನಿಂತಳು. ಬೈಯಲು ಬಂದವಳು ಹುಡುಗನ ಹಣೆಯ ಬೆವರು ನೋಡಿ ಬೈಗಳನ್ನು ನುಂಗಿಕೊಂಡಳು. ತಾತ ಸದ್ದಿಲ್ಲದೆ ಅವಳ ಕೈಗೂ ಒಂದು ಹಿಡಿ ಬೀಜ ಹಾಕಿದರು.

“…ನಿಮ್ಮನ್ನ ಇಷ್ಟ ಪ… ಪಡ್ತೀನಿ,” ಎಂದ ಜಿಯಾಮು.

ಹೇಳಿ ಮುಗಿಸಿ, ಓಡಿ ಬಂದವನಂತೆ ಏದುಸಿರು ಬಿಟ್ಟ. ಹೈತಾಂಗಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವುದು ಅವಳಿಗೆ ನೆನಪಾಗಲಿಲ್ಲ.

ಮೊದಲು ಮಾತಾಡಿದ್ದು ಅಮ್ಮ, ತಗ್ಗಿದ ದನಿಯಲ್ಲಿ.

“ಆ ಕಡೆ ಅವ್ರು ಹಣ್ಣಿನ ಬುಟ್ಟಿ ಇಟ್ಕೊಂಡು ಕೂತಿದ್ದಾರಲ್ಲೇ. ಏನಂತ ಹೇಳ್ಲಿ?”

“ತಪ್ಪು ನನ್ನದು, ಕ್ಷಮಿಸ್ಬೇಕು ಅಂತ ನಾನೇ ಬಂದು ಹೇಳ್ತೀನಿ. ಅಲ್ಲೀತನಕ ನೀನು ಒಂದ್ಮಾತು ಹೇಳಿರು.” ಹೈತಾಂಗ್ ಜಿಯಾಮುವಿನಿಂದ ಕಣ್ಣು ತೆಗೆಯಲಿಲ್ಲ. “ಹುಡುಗಿ ಆಗ್ಲೇ ಒಬ್ಬನ್ನ ನೋಡ್ಕೊಂಡಿದ್ದಾಳೆ ಅನ್ನು.”

ಅಮ್ಮ ಹುಡುಗನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಅಳೆದಳು. “ಕೊಡೆ ಮೇಲೆ ಬರ್ಕೊಳ್ಳೋಕೆ ಇವನ ಎತ್ತರ ಎಷ್ಟು ಅಂತನಾದ್ರೂ ಕೇಳ್ಬೇಕಿತ್ತು,” ಎಂದು ಗೊಣಗಿ, ಬೀಜ ಕಡಿಯುತ್ತ ಹೊರಟಳು. ಹೊರಡುವ ಮೊದಲು ಕೊಡೆಯನ್ನು ಮಡಚಿದ್ದನ್ನು ತಾತ ಮಾತ್ರ ಗಮನಿಸಿದರು.

ಜಿಯಾಮುವಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಬೆರಳು ಮೇಜಿನ ಮೇಲೆ ನಿಂತಿತ್ತು.

“ನಾ… ನಾನು ಹೇಳಿದ್ದು ಅ… ಅರ್ಥ ಆಯ್ತಾ?”

“ಐ ಸೀ,” ಎಂದಳು ಹೈತಾಂಗ್.

ಅವನ ತುಟಿಯ ಕೊನೆಯಲ್ಲಿ ನಗು ಮೂಡಿತು.

“ಏ… ಏನು ಕಾ… ಕಾ… ಕಾಣ್ತಿದೆ?”

ಅವನ ವಾಕ್ಯ ಪೂರ್ತಿ ಮುಗಿಯುವ ತನಕ ಅವಳು ಕಾದಳು. ಆಮೇಲೆ ಮೇಜಿನ ಮೇಲಿದ್ದ ಅವನ ಬೆರಳನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡು ಹೇಳಿದಳು.

“ನೀನು.”